ಮಿಂಚುವ ಹೊಯಿಗೆ

ಕಲ್ಲುಗುಂಡಿ, ಸಂಪಾಜೆ ಗ್ರಾಮ
ತಾರೀಕು 15-1-1961, ಆದಿತ್ಯವಾರ

ಪ್ರೀತಿಯ ನೀಲಾವತಿಗೆ,

ನಿನ್ನ ಸೋದರಮಾವ ಕುಶಾಲಪ್ಪ ಜಗಲಿಯಲ್ಲಿ ಚಾಪೆ ಹಾಕಿ ಕೂತು, ಪೆನ್ಸಿಲನ್ನು ಮೂರು ಸಲ ಹೆರೆದು ಬರೆಯುವ ಕಾಗದ ಇದು. ಮೊದಲು ನಿನ್ನ ಆರೋಗ್ಯ ಹೇಳು. ಕೊಯಿಲದ ನೀರು ನಿನಗೆ ಹಿಡಿಯಿತಾ? ಮದುವೆಯಾಗಿ ಹೋದ ಹೊಸತರಲ್ಲಿ ತಲೆಕೂದಲು ಉದುರುತ್ತದೆ ಎಂದು ಬರೆದಿದ್ದೆ, ಈಗ ಎಂಟು ತಿಂಗಳಾಯಿತು, ನಿಂತಿರಬೇಕು. ನಿನ್ನ ಅತ್ತೆಯವರ ಮೊಣಗಂಟು ನೋವು ಹೇಗುಂಟು? ಅಳಿಯಂದಿರು ಜತ್ತಪ್ಪನವರು ಹೇಗಿದ್ದಾರೆ? ಸರಕಾರಿ ದನದ ಫಾರ್ಮಿನ ಹೋರಿಗಳು ಅವರಿಗೆ ಹೆದರುತ್ತವಾ, ಅಲ್ಲ ಅವರು ಹೋರಿಗಳಿಗೆ ಹೆದರುದಾ? ಇದನ್ನು ಅವರಿಗೆ ಓದಿ ಹೇಳಬೇಡ ಮಾರಾಯ್ತಿ. ನಾನು ಅವರಷ್ಟು ಪ್ರಾಯದಲ್ಲಿ ಇಂಥ ಎರಡು ಹೋರಿಗಳನ್ನು ಒಂದೇ ಕೈಯಲ್ಲಿ ಹಿಡಿದು ಸುಳ್ಯದ ಸಂತೆಗೆ ನಡೆಸಿಕೊಂಡು ಹೋದವನು. ಒಂದು ಹೋರಿ, ಒಂದು ಕರು ಎಂದು ನಿನ್ನ ಅಮ್ಮ ಒಳಗಿನಿಂದ ಹೇಳುತ್ತಿದ್ದಾಳೆ. ನಾನು ಬರೆಯುವುದನ್ನು ಗಟ್ಟಿಯಾಗಿ ಓದುತ್ತಾ ಬರೆಯುವವನು, ಅದೇ ನನ್ನ ತಪ್ಪು. ನಿನ್ನ ಅಮ್ಮ ಪೂವಮ್ಮ ಗಟ್ಟಿ ಇದ್ದಾಳೆ. ಎಷ್ಟು ಗಟ್ಟಿ ಎಂದರೆ ಮೊನ್ನೆ ನನಗೆ ಬೈದದ್ದು ಹೊಳೆಯ ಆಚೆ ದಡಕ್ಕೆ ಕೇಳಿದೆಯಂತೆ. ನನಗೆ ಮಾತ್ರ ಸ್ವಲ್ಪ ಹಲ್ಲುನೋವು. ಮೂರು ದಿನದಿಂದ ಮುಖಕ್ಕೆ ಮೈ ಒರೆಸುವ ಬೈರಾಸು ಸುತ್ತಿಕೊಂಡೇ ಓಡಾಡುತ್ತಿದ್ದೇನೆ. ಹೆದರುವಂಥದ್ದು ಎಂತದೂ ಇಲ್ಲ.

ಇನ್ನು ಸುದ್ದಿ. ನಿನ್ನ ಮಾವನ ಹೆಸರು ಈಗ ಸುಳ್ಯದಿಂದ ಸಂಪಾಜೆಯವರೆಗೆ ಬಸ್ಸಿಗಿಂತ ಜೋರಾಗಿ ಓಡುತ್ತಾ ಉಂಟು. ಮರದ ವ್ಯಾಪಾರದ ಶುಕೂರ್ ಸಾಹುಕಾರರನ್ನು ನೀನು ಮರೆತಿರಲಿಕ್ಕಿಲ್ಲ, ಅಲೀಮಮ್ಮನ ಮಗ. ಅವರು ಮುಂದೆ ನಿಂತು ಹೊಳೆಬದಿಯಲ್ಲಿ ಸಣ್ಣದೊಂದು ಹೊಸ ಪಳ್ಳಿ ಕಟ್ಟಿಸಿದ್ದಾರೆ. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯಲಿಕ್ಕೆ ಪಳ್ಳಿಯ ಪಕ್ಕದಲ್ಲಿ ನೀರಿನ ತೊಟ್ಟಿ ಇರುತ್ತದಲ್ಲ, ಅವರ ಮಾತಿನಲ್ಲಿ ಹೌಳು, ಅದರ ಗಾರೆ ಕೆಲಸ ನನಗೆ ಬಂದಿದೆ. ಆರು ಕೋಲು ಉದ್ದ, ನಾಲ್ಕು ಕೋಲು ಅಗಲ, ಸೊಂಟದಷ್ಟು ಆಳ. ಮುರಕಲ್ಲಿನ ಗೋಡೆ ಮೊದಲೇ ಎದ್ದಿತ್ತು, ಒಳಗೆ ನೀರು ನಿಲ್ಲುವ ಹಾಗೆ ಗಾರೆ ಬಳಿಯುದು ನನ್ನ ಕೆಲಸ. ಫೆಬ್ರವರಿ ನಡುವಿಗೆ ಚಂದ್ರ ಕಂಡರೆ ಅವರಿಗೆ ಉಪವಾಸದ ನೋಂಬು ಶುರು. ಆ ಒಂದು ತಿಂಗಳು ಪಳ್ಳಿಯಲ್ಲಿ ಜನ ಹೆಚ್ಚು, ನೀರಿನ ಖರ್ಚೂ ಹೆಚ್ಚು. ಅದಕ್ಕೆ ಮೊದಲು ತೊಟ್ಟಿಯಲ್ಲಿ ನೀರು ನಿಲ್ಲಬೇಕು. ಇಷ್ಟೇ ವಿಷಯ, ಆದರೆ ವಿಷಯ ಇಷ್ಟಕ್ಕೇ ನಿಲ್ಲಲಿಲ್ಲ.

ಸಾಹುಕಾರರ ಅಂಗಡಿಯಲ್ಲಿ ಈ ಮಾತು ಆಗುವಾಗ ಪುತ್ತೂರಿನ ಒಬ್ಬ ಕಂತ್ರಾಟುದಾರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಬರೆಯುವ ಕೈ ಒಂದೇ ಆದವನಿಗೆ ಎರಡು ಪೆನ್ನು ಯಾಕೆ ಎಂದು ನನಗೆ ಆಗಲೇ ಸಂಶಯ ಬಂದಿತ್ತು. ಅವನು ಹೇಳಿದ, ಸುಣ್ಣದ ಕಾಲ ಮುಗಿಯಿತು ಸಾಹುಕಾರ್ರೆ, ಪರ್ಮಿಟು ಮಾಡಿಸಿ ಸಿಮೆಂಟು ತರಿಸಿ, ಈ ಹಳ್ಳಿ ಮೇಸ್ತ್ರಿಗಳು ಗೋಡೆಗೆ ಬೆಣ್ಣೆ ಸವರಿ ಹೋಗುತ್ತಾರೆ ಎಂದು. ನನಗೆ ಎಲ್ಲಿತ್ತೋ ಸಿಟ್ಟು! ಐದನೇ ಕ್ಲಾಸನ್ನು ಎರಡು ಸಲ ಓದಿದವನು ನಾನು, ಎರಡೂ ಕೂಡಿಸಿದರೆ ಹತ್ತನೇ ಕ್ಲಾಸು, ಅವನಿಗಿಂತ ಎಂತ ಕಮ್ಮಿ? ಎದ್ದು ನಿಂತು ಮೀಸೆ ತಿರುವಿ, ಹತ್ತು ಜನರ ಎದುರು ಹೇಳಿಬಿಟ್ಟೆ: ನನ್ನ ತೊಟ್ಟಿಗೆ ನೀರು ತುಂಬಿದ ದಿನ ಹೊರಗೋಡೆಯಲ್ಲಿ ಒಂದು ತೊಟ್ಟು ಪಸೆ ಕಂಡರೆ ಬಲಗಡೆಯ ಮೀಸೆ ಬೋಳಿಸುತ್ತೇನೆ. ನೋಂಬಿನ ಚಂದ್ರ ಕಾಣುವ ಹೊತ್ತಿಗೂ ನೀರು ನಿಲ್ಲದಿದ್ದರೆ ಎಡಗಡೆಯದ್ದೂ ಹೋಗಲಿ, ಆಮೇಲೆ ಗಾರೆ ಬಳಿಯುವ ಕರಣೆಯನ್ನು ಹೊಳೆಗೆ ಎಸೆದು ಕೋಳಿ ಸಾಕುತ್ತೇನೆ. ಸಾಹುಕಾರರು ನಕ್ಕು, ಆಯಿತು ಮೇಸ್ತ್ರಿ, ಮೀಸೆಯ ಮೇಲೆ ನನಗೆ ಭರವಸೆ ಉಂಟು ಎಂದರು. ಪಳ್ಳಿ ನೋಡಿಕೊಳ್ಳುವ ಮುಕ್ರಿ ಅದ್ರಾಮ ಮೂಲೆಯಲ್ಲಿ ಕೂತು ಎಲೆ ಹಾಕುತ್ತಿದ್ದವನು, ಒಂದು ಬದಿ ಬೋಳಿಸಿದ ಮೇಸ್ತ್ರಿಯನ್ನು ಯಾವ ಕಡೆಯಿಂದ ಮಾತನಾಡಿಸುದು ಎಂದು ಈಗಲೇ ಹೇಳಿಬಿಡಿ ಎಂದ. ಅವನ ಬಾಯಿ ನಿನಗೆ ಗೊತ್ತುಂಟಲ್ಲ.

ಸುಣ್ಣದ ವಿಷಯದಲ್ಲಿ ನಾನು ಚೂರೂ ತಪ್ಪು ಮಾಡಲಿಲ್ಲ. ಮಂಗಳೂರು ಕಡೆಯ ಚಿಪ್ಪಿನ ಸುಣ್ಣ, ಲಾರಿಯಲ್ಲಿ ಬಂದದ್ದು. ಅರಳಿಸಿ, ಸೋಸಿ, ಗುಂಡಿಯಲ್ಲಿ ಒಂದು ತಿಂಗಳು ಮುಚ್ಚಿಟ್ಟೆ. ತೆಗೆದರೆ ಹಸುವಿನ ಗಿಣ್ಣಿನ ಹಾಗೆ ನಡುಗುತ್ತಿತ್ತು. ಒಡೆದ ಹಂಚನ್ನು ಕುಟ್ಟಿ ಪುಡಿ ಮಾಡಿಸಿದೆ, ನೀರಿಗೆ ಜಗ್ಗದಿರಲಿಕ್ಕೆ. ಬೆಲ್ಲದ ನೀರು, ಅಣಲೆಕಾಯಿ ಕೊಳೆಸಿದ ನೀರು, ಎಲ್ಲ ನನ್ನ ಅಪ್ಪ, ನಿನ್ನ ಅಜ್ಜ ಹೇಳಿದ ಹಾಗೆಯೇ. ಬೆಲ್ಲದ ನೀರನ್ನು ಅದ್ರಾಮ ಎರಡು ಸಲ ಕುಡಿದು ನೋಡಿದ, ಮೂರನೇ ಸಲ ನಾನು ಅಣಲೆಕಾಯಿಯ ಪಾತ್ರೆ ಮುಂದಿಟ್ಟೆ. ಆಮೇಲೆ ಒಂದು ದಿನ ಅವನ ತಮಾಷೆ ಬಂದ್.

ಇನ್ನು ಉಳಿದದ್ದು ಹೊಯಿಗೆ, ಆ ಎರಡು ಪೆನ್ನಿನವನ ಪುಸ್ತಕದ ಮಾತಿನಲ್ಲಿ ಮರಳು. ಇಲ್ಲಿಗೆ ಬಂದಾಗ ನನ್ನ ಪೆನ್ಸಿಲು ಸ್ವಲ್ಪ ನಿಧಾನ ಆಗುತ್ತದೆ.

ನಿನ್ನ ಅಜ್ಜನಿಗೆ ಕಣ್ಣು ಹೋದ ಮೇಲಿನ ಆ ಏಳು ವರ್ಷ ನಿನಗೆ ನೆನಪಿರಬೇಕು. ಗಾರೆಯ ಅಜ್ಜ ಎಂದರೆ ಮಡಿಕೇರಿಯವರೂ ಹುಡುಕಿಕೊಂಡು ಬರುತ್ತಿದ್ದರು. ಕಣ್ಣು ಹೋಯಿತು ಎಂದು ಅವರ ಕೆಲಸ ನಿಂತಿತಾ? ಇಲ್ಲ. ಕರಣೆ ನನ್ನ ಕೈಗೆ ಬಂತು, ಊರುಗೋಲಿನ ಒಂದು ತುದಿ ನಿನ್ನ ಕೈಗೆ ಬಂತು. ನೀನು ಮುಂದೆ, ಅವರು ಹಿಂದೆ, ಹೊಳೆಗೆ ಇಳಿಯುವುದು. ನೀನು ಒಂದು ಮುಷ್ಟಿ ಹೊಯಿಗೆ ಎತ್ತಿ ಅವರ ಕಿವಿಯ ಹತ್ತಿರ ಉಜ್ಜಬೇಕು. ಕರಕರ ಎಂದು ಕೂಗಿದರೆ, ತೆಗೊ ಗೂಡೆ, ಹುಡುಗಿ ಎನ್ನಲಿಕ್ಕೆ ಅವರ ಬಾಯಲ್ಲಿ ಗೂಡೆಯೇ. ಸುಯ್ ಎಂದು ಜಾರಿದರೆ, ಬಿಡು ಗೂಡೆ. ಚೆಲ್ಲಿದ ಮೇಲೆ ಅಂಗೈಯಲ್ಲಿ ಮಣ್ಣಿನ ಕಲೆ ಉಳಿಯಿತಾ ಎಂದು ಕೇಳುತ್ತಿದ್ದರು. ಉಳಿಯಿತು ಎಂದರೆ, ಕೈಯನ್ನೇ ಬಿಡದ ಮಣ್ಣು ಸುಣ್ಣವನ್ನು ಹೊಯಿಗೆಯ ಹತ್ತಿರ ಬಿಟ್ಟೀತಾ ಎನ್ನುತ್ತಿದ್ದರು. ಔಷಧದ ಬಾಟ್ಲಿಯಲ್ಲಿ ಹೊಯಿಗೆಗೆ ನೀರು ಹಾಕಿ ಅಲ್ಲಾಡಿಸಿ ಕಿಟಕಿಯಲ್ಲಿಟ್ಟು, ಕೆಳಗೆ ಎಷ್ಟು ಕೂತಿತು, ಮೇಲೆ ಎಷ್ಟು ಕೆಸರು ನಿಂತಿತು ಎಂದು ನೀನು ಬೆರಳಲ್ಲಿ ಅಳೆದು ಹೇಳಬೇಕು. ನಿನ್ನ ಕಣ್ಣೇ ಅವರ ಕಣ್ಣು.

ಅಡಿಕೆಯ ಪಾಠವನ್ನು ಯಾರು ಮರೆತಾರು! ಹಲಸಿನ ಮರದ ಆ ಸೇರಿಗೆ ಅಜ್ಜ ತುಂಬ ಅಡಿಕೆ ತುಂಬಿಸಿ, ತುಂಬಿತಾ ಗೂಡೆ ಎಂದು ಕೇಳಿದರು. ತುಂಬಿತು ಎಂದೆ ನೀನು. ಅದಕ್ಕೇ ಹುರುಳಿ ಹಾಕಿಸಿದರು, ಸಂದಿನಲ್ಲಿ ಇಳಿದು ಹೋಯಿತು. ಈಗ ತುಂಬಿತಾ? ತುಂಬಿತು. ಎಳ್ಳು ಹಾಕಿಸಿದರು, ಅದೂ ಇಳಿಯಿತು. ಆಗ ಹೇಳಿದರು, ಒಳ್ಳೆಯ ಹೊಯಿಗೆ ಎಂದರೆ ಹೀಗೆ ಅಡಿಕೆ, ಹುರುಳಿ, ಎಳ್ಳು ಮೂರೂ ಇರುವ ಮನೆ. ದೊಡ್ಡದರ ಸಂದಿನಲ್ಲಿ ಸಣ್ಣದು ಕೂರಬೇಕು, ಸಣ್ಣದರ ಸಂದಿನಲ್ಲಿ ಇನ್ನೂ ಸಣ್ಣದು. ಮತ್ತೆ ಉಳಿಯುವ ಚೂರು ಜಾಗಕ್ಕೆ ಮಾತ್ರ ಸುಣ್ಣ. ಆ ಜಾಗ ಎಷ್ಟೆಂದು ಗೊತ್ತಾಗಬೇಕಾದರೆ ಒಣಗಿದ ಹೊಯಿಗೆ ತುಂಬಿದ ಸೇರಿಗೆ ಕಂಠದವರೆಗೆ ನೀರು ಹೊಯ್ದು ನೋಡು. ಸೇರಿನ ಮೂರನೇ ಒಂದು ಪಾಲು ನೀರು ಕುಡಿದರೆ ಮೂರಕ್ಕೆ ಒಂದು ಸುಣ್ಣ ಸಾಕು. ಅದಕ್ಕಿಂತ ಹೆಚ್ಚು ಕುಡಿದರೆ ಆ ಹೊಯಿಗೆಯನ್ನು ಹೊಳೆಗೇ ವಾಪಸು ಕಳಿಸು. ಇದನ್ನೆಲ್ಲ ನಾನು ಅಲ್ಲೇ ನಿಂತು ಕೇಳಿದ್ದೇನೆ. ಆ ದಿನ ನಾನು ಕೋಳಿ ಅಂಕಕ್ಕೆ ಹೋಗಿದ್ದೆ ಎಂದು ನಿನ್ನ ಅಮ್ಮ ಈಗ ಒಳಗಿನಿಂದ ಹೇಳುವುದು ಪೂರ್ತಿ ನಿಜ ಅಲ್ಲ. ಮಧ್ಯಾಹ್ನದವರೆಗೆ ಮಾತ್ರ ಹೋಗಿದ್ದು. ಬರುವಾಗ ಹುರುಳಿ ಬೇಯಿಸಿ ಆಗಿತ್ತು, ಅದರ ಸಾರು ಉಂಡದ್ದು ನನಗೆ ಚೆನ್ನಾಗಿ ನೆನಪುಂಟು.

ಅಜ್ಜ ಹೋಗುವಾಗ ಕರಣೆ ನನಗೆ ಕೊಟ್ಟರು, ಸೇರು ನಿನಗೆ. ನನಗೆ ಆಗ ನಗು ಬಂದಿತ್ತು. ಅಕ್ಕಿ ಅಳೆಯುವ ಸೇರು, ಮದುವೆಯಾಗಿ ಹೋಗುವ ಹೆಣ್ಣಿಗೆ ಸರಿಯಾಯಿತು ಎಂದುಕೊಂಡೆ. ಅದಾದ ಮೇಲಿನ ನಾಲ್ಕು ವರ್ಷ ನಾನು ಬಳಿದ ಒಂದೇ ಒಂದು ಗೋಡೆ ಬಿರುಕು ಬಿಡಲಿಲ್ಲ. ಎಲ್ಲರೂ ಕುಶಾಲಪ್ಪನ ಕೈಗುಣ ಎಂದರು. ನಾನೂ ಹೌದು ಎಂದೆ. ಬೆಳಿಗ್ಗೆ ನೀನು ಹೊಳೆಗೆ ಹೋಗಿ, ಇಲ್ಲಿಂದ ತೆಗೆಯಿರಿ ಎಂದು ಕೋಲು ಊರಿ ಬರುತ್ತಿದ್ದದ್ದನ್ನು ಗಾಡಿಯವ ಬಿಟ್ಟರೆ ಯಾರೂ ನೋಡಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ.

ನಿನ್ನನ್ನು ನೋಡಲಿಕ್ಕೆ ಕೊಯಿಲದಿಂದ ಬಂದ ದಿನದ ಮಾತೂ ಈಗ ನೆನಪಾಗುತ್ತದೆ. ನಿನ್ನ ಅತ್ತೆಯವರು ನಿನ್ನ ಕೈ ಹಿಡಿದು, ಉಗುರಿನ ಸಂದಿನಲ್ಲಿ ಹೊಯಿಗೆ ನೋಡಿ, ಇದೆಂತ ಎಂದು ಕೇಳಿದರು. ನೀನು ಬಾಯಿ ತೆರೆದಿದ್ದೆ. ನಾನು ಅಡ್ಡ ಬಿದ್ದು, ಪಾತ್ರೆ ತಿಕ್ಕಿದ್ದು ಅತ್ತಿಗೆಯವರೆ, ನಮ್ಮ ಹುಡುಗಿ ಪಾತ್ರೆ ತಿಕ್ಕಿದರೆ ಕನ್ನಡಿಯೇ ಬೇಡ ಎಂದೆ. ಗಾರೆ ಕೆಲಸದ ಹೊಯಿಗೆ ಎಂದರೆ ಸಂಬಂಧ ತಪ್ಪೀತು ಎಂದು ಹೆದರಿ ಹೇಳಿದ್ದು, ಬೇರೆ ಎಂತದೂ ಅಲ್ಲ. ನೀನು ನನ್ನನ್ನು ಒಂದು ಸಲ ನೋಡಿ ತಲೆ ತಗ್ಗಿಸಿದೆ. ಆ ನೋಟ ಇವತ್ತಿಗೂ ನನ್ನ ಬೆನ್ನಲ್ಲಿ ಸಣ್ಣ ಮುಳ್ಳಿನ ಹಾಗೆ ಉಂಟು. ಇರಲಿ. ಈಗ ತೊಟ್ಟಿಯ ವಿಷಯ.

ಹೊಯಿಗೆ ಆರಿಸಲಿಕ್ಕೆ ಗಾಡಿ ತೆಗೆದುಕೊಂಡು ನಾನೇ ಹೋದೆ. ನಾವು ಯಾವಾಗಲೂ ತೆಗೆಯುವ, ದೊಡ್ಡ ಬಂಡೆಯ ಹತ್ತಿರದ ತಿರುವಿನಲ್ಲಿ ಅದೇ ಕಪ್ಪು ಮಿಶ್ರದ, ಒರಟು ಹೊಯಿಗೆ. ನೋಡಲಿಕ್ಕೆ ಒಂದು ಚಂದ ಇಲ್ಲ, ಹುರಿದ ಅವಲಕ್ಕಿಗೆ ಕಲ್ಲು ಬೆರೆಸಿದ ಹಾಗೆ. ಅಲ್ಲಿಂದ ಸ್ವಲ್ಪ ಕೆಳಗೆ ಹೋದೆ. ನೀಲಾ, ಎಂತ ಹೇಳಲಿ! ಬಿಸಿಲಿಗೆ ಒಂದು ಇಡೀ ದಿಬ್ಬ ಚಿನ್ನದ ಹಾಗೆ ಮಿಂಚುತ್ತಾ ಬಿದ್ದಿತ್ತು. ಕೈಗೆ ತೆಗೆದರೆ ಹಿಟ್ಟು, ಒಂದು ಕಣ ಮತ್ತೊಂದಕ್ಕಿಂತ ದೊಡ್ಡದಿಲ್ಲ. ಇಷ್ಟು ಮಿಂಚುವ ಹೊಯಿಗೆ ಬಳಿದರೆ ತೊಟ್ಟಿಯ ಒಳಗೆ ಹಗಲೇ ನಕ್ಷತ್ರ ಕಂಡೀತು, ಆ ಎರಡು ಪೆನ್ನಿನವನ ಸಿಮೆಂಟು ಎಲ್ಲಿ ಮಿಂಚುತ್ತದೆ ಎಂದು ನನ್ನ ತಲೆಗೆ ಹೊಕ್ಕಿತು. ಕಿವಿಯ ಹತ್ತಿರ ಉಜ್ಜಿ ನೋಡಿದೆನಾ ಎಂದು ಕೇಳುತ್ತೀಯಲ್ಲ? ಉಜ್ಜಿದೆ. ಹೊಳೆಯ ಸದ್ದಿಗೆ ಸರಿಯಾಗಿ ಕೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಂಟು ಗಾಡಿ ತಂದು ಹಾಕಿದೆ. ನಿನ್ನ ಅಮ್ಮ ಒಂದು ಮುಷ್ಟಿ ತೆಗೆದು ಬಿಸಿಲಿಗೆ ಹಿಡಿದು, ನೀಲು ಇದ್ದಿದ್ದರೆ ಇದನ್ನು ಕಾಲಲ್ಲೂ ಮುಟ್ಟುತ್ತಿರಲಿಲ್ಲ ಕುಶಾಲ ಎಂದಳು. ಹೆಂಗಸರಿಗೆ ಹೊಯಿಗೆ ಎಂತ ಗೊತ್ತು ಎಂದು ಕೇಳಿದೆ. ಅವಳು ನಗಾಡಿಕೊಂಡು ಒಳಗೆ ಹೋದಳು. ಸಾಲದ್ದಕ್ಕೆ ಅವಳ ಹಿಟ್ಟಿನ ಜರಡಿ ಕದ್ದು ಇನ್ನೊಮ್ಮೆ ಜರಡಿ ಹಿಡಿದೆ, ಉಳಿದಿದ್ದ ನಾಲ್ಕು ಒರಟು ಕಣವೂ ಹೋಗಲಿ ಎಂದು.

ಆದರೆ ಕೆಲಸ ಮುಗಿದ ದಿನ ನೀನು ನೋಡಬೇಕಿತ್ತು! ಒಳಗೋಡೆ ಹಾವಿನ ಹೊಟ್ಟೆಯ ಹಾಗೆ ನುಣುಪು. ಶುಕೂರ್ ಸಾಹುಕಾರರು ಬಗ್ಗಿ ನೋಡಿ ಟೊಪ್ಪಿ ಸರಿ ಮಾಡಿಕೊಂಡರು, ಮುಖ ಕಾಣುತ್ತದೆ ಮಾರಾಯ್ರೆ ಎಂದರು. ಜನ ಗುಂಪು ಗುಂಪಾಗಿ ಬಂದು ನೋಡಿದರು. ಸಂಪಾಜೆ ಗೇಟಿನ ಪೊಲೀಸನೂ ಬಂದು ಬೆರಳು ಸವರಿ ಹೋದ. ನಾನು ಹತ್ತು ದಿನ ಗೋಣಿಚೀಲ ಹೊದಿಸಿ, ನೀರು ಚಿಮುಕಿಸಿ, ಮಗುವಿನ ಹಾಗೆ ನೋಡಿಕೊಂಡೆ. ಗೋಣಿ ತೆಗೆದಾಗ ಒಂದು ಮೂಲೆಯಲ್ಲಿ ಕೂದಲಿನ ಹಾಗೆ ಒಂದು ಗೆರೆ ಕಂಡಿತು. ಜೇಡನ ನೂಲಾಗಿರಬೇಕು ಎಂದು ಬೆರಳಿನಿಂದ ಒರೆಸಿದೆ. ಹೋಗಲಿಲ್ಲ. ಸಾಹುಕಾರರು ಅವಸರ ಮಾಡಿದರು, ನಾನೂ ಬೇಡ ಎನ್ನಲಿಲ್ಲ. ಕಳೆದ ಗುರುವಾರ ಬೆಳಿಗ್ಗೆ ನೀರು ತುಂಬಿಸಿದರು. ಮಧ್ಯಾಹ್ನಕ್ಕೆ ಒಂದು ಗೇಣು ಕೆಳಗೆ.

ಬಿಸಿಲಿಗೆ ಆರಿತು ಎಂದೆ. ಸಂಜೆಗೆ ಇನ್ನೊಂದು ಗೇಣು. ಮುರಕಲ್ಲು ಹೊಸತಲ್ಲವಾ, ಬಾಯಾರಿಕೆ ಇರುತ್ತದೆ, ಮೊದಲ ದಿನ ಕುಡಿಯುತ್ತದೆ ಎಂದೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಎರಡು ಕಪ್ಪೆಗಳು, ಅವುಗಳಿಗೂ ಕಾಲು ಮುಳುಗುವಷ್ಟು ನೀರಿಲ್ಲ. ಕಾಗೆ ಕುಡಿದಿರಬೇಕು ಎನ್ನಲಿಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಅದ್ರಾಮ ಕೈಕಟ್ಟಿ ನಿಂತು ಹೇಳಿದ, ನಮಗೆ ನೋಂಬು ಶುರುವಾಗಲಿಕ್ಕೆ ಇನ್ನೂ ತಿಂಗಳುಂಟು ಮೇಸ್ತ್ರಿ, ನಿಮ್ಮ ತೊಟ್ಟಿ ಈಗಲೇ ನೋಂಬು ಹಿಡಿದಿದೆ, ಬಾಯಲ್ಲಿ ಒಂದು ಹನಿ ನೀರು ಇಟ್ಟುಕೊಳ್ಳುದಿಲ್ಲ. ಅಲ್ಲಿದ್ದ ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಎಂತ ಮಾಡುದು? ಒಳಗೋಡೆ ತುಂಬ ಬಲೆ ಬಲೆ ಬಿರುಕು, ಕರಣೆಯ ತುದಿ ತಾಗಿಸಿದರೆ ಹಲಸಿನ ಹಪ್ಪಳದ ಹಾಗೆ ಎದ್ದು ಬರುತ್ತದೆ. ಸಾಹುಕಾರರು ಮಾತ್ರ ನಗಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟು, ಮೇಸ್ತ್ರಿ, ಆ ಪುತ್ತೂರಿನವನ ಎದುರು ನಿಮ್ಮ ಪರವಾಗಿ ಮಾತನಾಡಿದವನು ನಾನು ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಆ ಮಾತು ಹಲ್ಲುನೋವಿಗಿಂತ ಹೆಚ್ಚು ನೋಯುತ್ತದೆ ನೋಡು.

ಮನೆಗೆ ಬಂದು, ನಿನ್ನ ಅಮ್ಮ ದನ ಕಟ್ಟಲಿಕ್ಕೆ ಹೋದ ಹೊತ್ತು ನೋಡಿ, ಅಜ್ಜನ ಪರೀಕ್ಷೆ ನಾನೇ ಮಾಡಿದೆ. ಸೇರು ನಿನ್ನ ಹತ್ತಿರ ಉಂಟಲ್ಲ, ತೆಂಗಿನ ಗೆರಟೆಯಲ್ಲಿ ಅಳೆದೆ. ಒಂದು ಗೆರಟೆ ಮಿಂಚುವ ಹೊಯಿಗೆ ಅರ್ಧ ಗೆರಟೆಗೆ ಹತ್ತಿರ ನೀರು ಕುಡಿಯಿತು! ಎಲ್ಲ ಎಳ್ಳೇ, ಅಡಿಕೆಯೂ ಇಲ್ಲ, ಹುರುಳಿಯೂ ಇಲ್ಲ. ನಾನು ಹಾಕಿದ ಸುಣ್ಣ ಆ ಸಂದಿಗೆ ಎಲ್ಲಿ ಸಾಕು? ಆಮೇಲೆ ಬಾಟ್ಲಿಯಲ್ಲಿ ಹಾಕಿ ಅಲ್ಲಾಡಿಸಿದೆ. ಹೊಯಿಗೆ ಕೂತ ಎಷ್ಟೋ ಹೊತ್ತಿನ ಮೇಲೂ ನೀರಿನಲ್ಲಿ ಮೀನಿನ ಹುರುಪೆಯ ಹಾಗೆ ಬಿಲ್ಲೆ ಬಿಲ್ಲೆ ಮಿಂಚಿಕೊಂಡು ತೇಲುತ್ತಿತ್ತು. ಕಾಗೆಬಂಗಾರ. ಚಿನ್ನ ಎಂದು ನಾನು ಕುಣಿದದ್ದು ಅದಕ್ಕೇ. ಬಿಲ್ಲೆಯ ಮೇಲೆ ಬಿಲ್ಲೆ ಜಾರುತ್ತದೆ, ಸುಣ್ಣ ಅದರ ಕೈ ಹಿಡಿಯುದಿಲ್ಲ. ನೀನು ಸಣ್ಣವಳಿದ್ದಾಗ ಒಮ್ಮೆ, ಅಜ್ಜ ಇದು ಮಿಂಚುತ್ತದೆ ಎಂದು ಸಂತೋಷದಿಂದ ಕೂಗಿದ್ದಕ್ಕೆ ಅವರು, ಮಿಂಚಿದರೆ ಬಿಟ್ಟು ಮುಂದೆ ನಡೆ ಗೂಡೆ ಎಂದದ್ದು ನನಗೂ ಕೇಳಿತ್ತು. ಹಿಂದಿನಿಂದ ನಿನ್ನ ಅಮ್ಮ ಬಂದು ಬಾಟ್ಲಿ ನೋಡಿ ನಿಂತಿದ್ದಳು. ಆಗ ಬೈದದ್ದೇ ಹೊಳೆಯ ಆಚೆ ದಡಕ್ಕೆ ಕೇಳಿದ್ದು.

ಇದೇನು ದೊಡ್ಡ ವಿಷಯ ಅಲ್ಲ. ಎಲ್ಲ ಕೆತ್ತಿ ತೆಗೆದು ಹೊಸತಾಗಿ ಬಳಿದರೆ ಆಯಿತು. ಗುಂಡಿಯಲ್ಲಿ ಇನ್ನೂ ಬೇಕಾದಷ್ಟು ಸುಣ್ಣ ಉಂಟು. ಕೆತ್ತಲಿಕ್ಕೆ ಮೂರು ದಿನ, ಬಳಿಯಲಿಕ್ಕೆ ಐದು ದಿನ, ನೆನೆಸಿಡಲಿಕ್ಕೆ ಈ ಸಲ ಎರಡು ವಾರಕ್ಕೆ ಕಮ್ಮಿ ಇಲ್ಲ. ಚಂದ್ರ ಕಾಣುವ ಮೊದಲು ಸರಿಯಾಗಿ ಮುಗಿಯುತ್ತದೆ, ಒಂದು ವಾರವೂ ಹಾಳಾಗಬಾರದು ಅಷ್ಟೆ. ಹೊಯಿಗೆ ನಾನೇ ಆರಿಸಿಯೇನು. ಆದರೆ ನಿನಗೆ ಹೇಗೂ ಅಮ್ಮನನ್ನು ನೋಡುವ ಆಸೆ ಇರಬಹುದು. ಅಮ್ಮನಿಗೂ ಇದ್ದೇ ಇದೆ. ಹೊಳೆಯಲ್ಲಿ ಈಗ ನೀರು ಮೊಣಕಾಲಿಗೆ ಮಾತ್ರ, ತಿರುಗಾಡಲಿಕ್ಕೆ ಬಹಳ ಚಂದ. ಎರಡು ದಿನಕ್ಕೆ ಬಂದು ಹೋದರೆ ಹೇಗೆ ಎಂದು ಸುಮ್ಮನೆ ಕೇಳುದು, ಒತ್ತಾಯ ಇಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಜತ್ತಪ್ಪನವರಿಗೂ, ಅವರ ಹೋರಿಗಳಿಗೂ ಕ್ಷೇಮ ಕೇಳಿದೆ ಎಂದು ಹೇಳು. ನಿನ್ನ ಮನೆಯ ಗೋಡೆಗಳು ಬಿರುಕಿಲ್ಲದೆ, ನಿನ್ನ ಕೊಡಗಳು ಸೋರದೆ, ನಿನ್ನ ಮುಖದಲ್ಲಿ ನಗು ಒಣಗದೆ ಇರಲಿ ಎಂದು ಹಾರೈಸುವ,

ನಿನ್ನ ಸೋದರಮಾವ
ಕುಶಾಲಪ್ಪ ಮೇಸ್ತ್ರಿ

ಮರೆತ ಮಾತು: ಈ ಕಾಗದ ತರುವ ಬಸ್ಸಿನ ಕಂಡಕ್ಟರ್ ಕುಂಞಿ ಮೋನು ರಸ್ತೆಯಲ್ಲಿ ಹಾರ್ನು ಹೊಡೆಸುತ್ತಿದ್ದಾನೆ, ಅದಕ್ಕೆ ಬೇಗ ಬೇಗ ಬರೆಯುದು. ಹಲ್ಲುನೋವು ಇಲ್ಲ, ಸುಳ್ಳು. ಬೈರಾಸಿನ ಒಳಗೆ ಬಲಗಡೆಯ ಮೀಸೆ ಇಲ್ಲ. ಶುಕ್ರವಾರವೇ ಬೋಳಿಸಿದ್ದು, ಹತ್ತು ಜನರ ಎದುರು ಹೇಳಿದ್ದನ್ನು ಹತ್ತು ಜನರ ಎದುರೇ. ಅದ್ರಾಮನೇ ಕನ್ನಡಿ ಹಿಡಿದ, ಎಡಗಡೆಯಿಂದ ಮಾತನಾಡಿಸಿದ. ಬೋಳಿಸಿ ಆದ ಮೇಲೆ ಮುಚ್ಚಿಡಲಿಕ್ಕೆ ಎಂತ ಉಳಿಯಿತು? ಹೇಳಿಬಿಟ್ಟೆ. ಈ ಊರಿನಲ್ಲಿ ನಾನು ಬಳಿದು ನಿಂತ ಎಲ್ಲ ಗೋಡೆಗಳ ಹೊಯಿಗೆಯೂ ನನ್ನ ಅಕ್ಕನ ಮಗಳು ನೀಲಾವತಿ ಆರಿಸಿದ್ದು, ನಾನು ಆರಿಸಿದ್ದು ಇದೊಂದೇ, ನೋಡಿ ಅದರ ಗತಿ ಎಂದೆ. ಯಾರೂ ನಗಲಿಲ್ಲ. ಅಲೀಮಮ್ಮ ಸಂಜೆ ನಿನ್ನ ಅಮ್ಮನ ಹತ್ತಿರ, ಕುರುಡು ಅಜ್ಜನ ಕೋಲು ಹಿಡಿದು ಬರುತ್ತಿದ್ದ ಆ ಹುಡುಗಿಯಲ್ಲವಾ, ನಮ್ಮ ಅಡುಗೆಮನೆಯ ಗೋಡೆ ಇವತ್ತಿಗೂ ಕಲ್ಲಿನ ಹಾಗೆ ಉಂಟು, ನನಗೆ ಆಗಲೇ ಗೊತ್ತಿತ್ತು ಎಂದರಂತೆ. ಶುಕೂರ್ ಸಾಹುಕಾರರು ಕೇಳಿದ್ದು ಒಂದೇ ಮಾತು: ಹಾಗಾದರೆ ಮೇಸ್ತ್ರಿಯನ್ನು ಕರೆಸಿ ಮಾರಾಯ್ರೆ, ಕರಣೆ ಹಿಡಿಯುವವರು ಹೇಗೂ ಇಲ್ಲಿದ್ದಾರಲ್ಲ.

ಒಳಗೆ ಮಡಚಿಟ್ಟ ಇನ್ನೊಂದು ಚೀಟಿ ನಿನ್ನ ಅತ್ತೆಯವರಿಗೆ. ನೀನೇ ಗಟ್ಟಿಯಾಗಿ ಓದಿ ಹೇಳು. ಆ ದಿನ ಉಗುರಿನಲ್ಲಿ ಇದ್ದದ್ದು ಪಾತ್ರೆ ತಿಕ್ಕಿದ ಹೊಯಿಗೆ ಅಲ್ಲ, ಗೋಡೆ ನಿಲ್ಲಿಸಿದ ಹೊಯಿಗೆ, ಸುಳ್ಳು ಹೇಳಿದವನು ನಾನು ಎಂದು ಅದರಲ್ಲಿ ಬರೆದು ಸಹಿ ಹಾಕಿದ್ದೇನೆ. ಅವರಿಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ. ಅವರು ಕಳಿಸಿಕೊಟ್ಟರೆ ಬುಧವಾರದ ಬಸ್ಸಿಗೆ ಬಾ, ಕುಂಞಿ ಮೋನು ಉಪ್ಪಿನಂಗಡಿಯಲ್ಲಿ ಮುಂದಿನ ಸೀಟು ಹಿಡಿದಿಡುತ್ತಾನೆ. ಗಾಡಿ, ಗುದ್ದಲಿ, ಇಬ್ಬರು ಆಳು ಎಲ್ಲ ದೊಡ್ಡ ಬಂಡೆಯ ಹತ್ತಿರ ಕಾಯುತ್ತಾರೆ. ನೀನು ಕೋಲು ಊರದೆ ಒಂದು ಬುಟ್ಟಿಯೂ ಏಳುವುದಿಲ್ಲ. ಬರುವಾಗ ಅಜ್ಜನ ಸೇರು ಮರೆಯಬೇಡ, ಅಕ್ಕಿ ಅಳೆಯಲಿಕ್ಕೆ ನಿನ್ನ ಅತ್ತೆಯವರಿಗೆ ಇಲ್ಲಿಂದ ಹೊಸತು ಮಾಡಿಸಿ ಕೊಡುತ್ತೇನೆ. ಮೇಲೆ ಸಹಿಯಲ್ಲಿ ಮೇಸ್ತ್ರಿ ಎಂದು ಬರೆದದ್ದನ್ನು ಅಳಿಸಲಿಕ್ಕೆ ಹೊತ್ತಿಲ್ಲ, ನೀನೇ ಹೊಡೆದು ನಿನ್ನ ಹೆಸರಿನ ಮುಂದೆ ಹಾಕಿಕೋ. ಎಡಗಡೆಯ ಮೀಸೆ ಇನ್ನೂ ಉಂಟು, ಎಣ್ಣೆ ಹಾಕಿ ಇಟ್ಟಿದ್ದೇನೆ. ಅದು ಉಳಿಯುದೂ ಹೋಗುದೂ ಈಗ ನಿನ್ನ ಕಿವಿಗೆ ಬಿಟ್ಟದ್ದು.